ದೊಡ್ಡ ನೆಲ, ಹಳೇ ಚಾಪೆ

“ಕೇಳಿರಪ್ಪೋ ಕೇಳಿ! ರಾಜಕುಮಾರಿ ನಾಗಲಾಂಬೆಯ ಮೂರು ಒಗಟು ಒಡೆದವನು ಅವಳ ಕೈ ಹಿಡಿಯಬಹುದು. ತಪ್ಪಿದವನ ತಲೆ ಉಳಿಯದು!” ಅಂತ ಡಂಗುರ ಸಾರಿದರು.

ಯಾಕೆ ಅಂತೀರಾ? ಆ ದೇಶದಲ್ಲಿ ಬೀಸುಕಲ್ಲಿನ ಹಾಗೆ ಮನೆಗೊಂದು ಲಿನಕ್ಸ್ ಕಂಪ್ಯೂಟರ್ ಯಂತ್ರ. ಅರಮನೆಯ ಯಂತ್ರದಲ್ಲಿ ಸತ್ತುಹೋದ ರಾಣಿಯ ದನಿ ಇತ್ತು. ಸಂಜೆಯಾದರೆ ಅದು “ಉಂಡೆಯಾ ಮಗಳೇ?” ಅನ್ನೋದು. ನಾಗಲಾಂಬೆ ಅಂದಿನ ಸುದ್ದಿಯೆಲ್ಲ ಹೇಳಿ, ಆ ಮಾತನ್ನೂ ಅವ್ವನ ದನಿಯ ಪಕ್ಕದಲ್ಲೇ ಕೂಡಿಡುತ್ತಿದ್ದಳು. ಅವಳನ್ನು ಹಾಗೆ ಕೇಳೋರು ಬೇರೆ ಯಾರಿದ್ದರು ಹೇಳಿ? ಒಂದು ಸಂಜೆ ಯಂತ್ರ “ಜಾಗವಿಲ್ಲ” ಅಂದುಬಿಟ್ಟಿತು. ರಾಜ ಮಾತು ಕೂಡಿಡುವ ದೊಡ್ಡ ಡಿಸ್ಕ್ ತರಿಸಿ, ಹಳೆಯದನ್ನೆಲ್ಲ ಇದ್ದ ಹಾಗೇ ಅದಕ್ಕೆ ಇಳಿಸಿದ. ಆದರೂ ಜಾಗವಿಲ್ಲ! ಇದನ್ನು ಸರಿಪಡಿಸಬಲ್ಲವನು ಸಿಗಲಿ ಅಂತ ಹುಡುಗಿ ಮೂರು ಒಗಟು ಕಟ್ಟಿದಳು.

“ಮನೆ ದೊಡ್ಡದಾಯ್ತು, ಒಳಗಿದ್ದವಳಿಗೆ ಕಾಲು ಚಾಚಲು ಎಡೆಯಿಲ್ಲ. ಯಾಕೆ?” ಇದು ಮೊದಲ ಒಗಟು.

ನೆರೆದೇಶದ ಯುವರಾಜ ಮೀಸೆ ತಿರುವಿ, “ಇನ್ನೂ ದೊಡ್ಡ ಡಿಸ್ಕ್ ತರಿಸಿ!” ಅಂದ. ಭಟರು ಅವನನ್ನು ಸೆರೆಗೆ ಎಳೆದೊಯ್ದರು. ಸೇನಾಪತಿಯ ಮಗ, “ಹಳೇ ದನಿ ಅಳಿಸಿಹಾಕಿ, ಜಾಗ ತಾನೇ ಆಗುತ್ತೆ” ಅಂದ. ನಾಗಲಾಂಬೆ ಕಿವಿ ಮುಚ್ಚಿಕೊಂಡಳು. ತಲೆ ಕಡಿಯುವ ದಿನದವರೆಗೆ ಅವನನ್ನೂ ಸೆರೆಗೆ ಹಾಕಿದರು.

ಆಮೇಲೆ ಬಂದವನು ಚಾಪೆ ಹೆಣೆಯುವ ಕೇತ.

“ಏನೋ, ತಲೆ ಮೇಲೆ ಆಸೆಯಿಲ್ವಾ?” ಅಂದ ಬಾಗಿಲ ಭಟ.

“ಹೋದರೆ ಅಳೋರು ಯಾರಿದ್ದಾರಣ್ಣ?”

ಒಳಗೆ ಹೋಗಿ ಕೇತ ಹೇಳಿದ: “ಅಮ್ಮಣ್ಣೀ, ಡಿಸ್ಕು ನೆಲ. ಅದನ್ನು ಭಾಗ ಮಾಡೋ ಪಾರ್ಟಿಷನ್ ನಡುಗೋಡೆ. ಮಾತುಗಳನ್ನು ಜೋಡಿಸಿಡೋ ಫೈಲ್ ಸಿಸ್ಟಂ ಚಾಪೆ. ನೆಲ ಹಿಗ್ಗಿದರೂ ನಡುಗೋಡೆ ಹಳೇ ಕಡೆಯೇ ನಿಂತಿದೆ, ಚಾಪೆಯೂ ಅಷ್ಟೇ ಇದೆ. ಕೂರೋದು ಚಾಪೆ ಮೇಲೆ ತಾನೇ?”

“ಹಿಗ್ಗಿಸುವಾಗ ಯಾವುದು ಮೊದಲು? ಕುಗ್ಗಿಸುವಾಗ ಯಾವುದು ಮೊದಲು?” ಅಂತ ನಾಗಲಾಂಬೆ ಎರಡನೆಯ ಒಗಟು ಒಡ್ಡಿದಳು.

“ಹಿಗ್ಗಿಸುವಾಗ ಗೋಡೆ ಸರಿಸಿ, ಆಮೇಲೆ ಚಾಪೆ ಹೆಣೆದು ಬೆಳೆಸಬೇಕು. ಕುಗ್ಗಿಸುವಾಗ ಮೊದಲು ಚಾಪೆ ಮಡಚಬೇಕು. ಇಲ್ಲವಾದರೆ ಗೋಡೆ ಬಂದು ಚಾಪೆಯನ್ನೂ ಮೇಲಿದ್ದವರನ್ನೂ ಕತ್ತರಿಸಿಬಿಡುತ್ತೆ.”

ಮೂರನೆಯದನ್ನು ಕೇಳುವಾಗ ನಾಗಲಾಂಬೆಯ ದನಿ ಸಣ್ಣಗಾಯಿತು. “ಎಷ್ಟು ಜಾಗವಿದ್ದರೂ ತುಂಬದ ಮನೆ ಯಾವುದು?”

ಕೇತ ತಲೆ ತಗ್ಗಿಸಿದ. “ಉಂಡೆಯಾ ಅಂತ ಕೇಳೋರಿಲ್ಲದ ಮನೆ. ನನ್ನ ಯಂತ್ರದಲ್ಲಿ ಬೇಕಾದಷ್ಟು ಜಾಗ ಇದೆ ಅಮ್ಮಣ್ಣೀ, ಇಡೋಕೆ ಒಂದು ಮಾತಿಲ್ಲ.”

ರಾಜ ಸಿಂಹಾಸನದಿಂದ ಎದ್ದು ನಿಂತ. ಕೇತ ಮೊದಲು ರಾಣಿಯ ದನಿಯ ಪ್ರತಿ ತೆಗೆದಿಟ್ಟ. ಗೋಡೆ ಸರಿಸಿದ, ಚಾಪೆ ಬೆಳೆಸಿದ. ಸೆರೆಯಲ್ಲಿದ್ದವರ ತಲೆ ಉಳಿಸಿ ಅಂತ ಕೇಳಿಕೊಂಡ. ರಾಜ ಅವರನ್ನು ಬಿಟ್ಟು, ಮಗಳ ಕೈಯನ್ನು ಅವನ ಕೈಲಿಟ್ಟ.

ಸಂಜೆ ಯಂತ್ರ ಕೇಳಿತು: “ಉಂಡೆಯಾ ಮಗಳೇ?”

“ಇಲ್ಲವ್ವ,” ಅಂದಳು ನಾಗಲಾಂಬೆ. “ಇವನು ಕೈ ತೊಳೆದು ಬರಲಿ ಅಂತ ಕಾಯ್ತಿದ್ದೀನಿ.”

ಆ ಮಾತಿಗೂ ಜಾಗ ಸಿಕ್ಕಿತು. ಅವರು ಅಲ್ಲಿ ಉಣ್ಣಲಿ. ನೀವು ಇಲ್ಲಿ ಒತ್ತಾಗಿ ಕೂತ್ಕೊಳ್ಳಿ, ಬಡಿಸ್ತೀನಿ.