ಬೀಜಕ್ಕೆ ಬಿಟ್ಟ ಹಣ್ಣು

"ಗುರುಗಳೇ, ಬಂದವರಿಗೆಲ್ಲ ಉಪದೇಶ ಹೇಳುವುದರಲ್ಲೇ ನನ್ನ ದಿನ ಮುಗಿಯುತ್ತದೆ. ಉಳಿದ ಚೂರುಪಾರು ಹೊತ್ತಿನಲ್ಲಿ ಧ್ಯಾನಕ್ಕೆ ಕೂರುತ್ತೇನೆ. ಅಷ್ಟು ಸಾಲದೇ?" ಎಂದು ಶಿಷ್ಯ ಕೇಳಿದ.

ಗುರು ಹೇಳಿದರು:

ಒಬ್ಬ ರೈತನಿದ್ದ. ಅವನ ಹಿತ್ತಲಲ್ಲಿ ಟೊಮೆಟೊ ಗಿಡಗಳಿದ್ದವು, ಕರಬೂಜದ ಬಳ್ಳಿಗಳಿದ್ದವು. ಟೊಮೆಟೊ ಎಲ್ಲರ ಮನೆಯದರಂತೆಯೇ. ಕರಬೂಜದ ಮಾತೇ ಬೇರೆ. ಒಂದು ಹಣ್ಣು ಕೈಜಾರಿ ಬಾವಿಗೆ ಬಿದ್ದಾಗ ಊರವರು ಎಂಟು ದಿನ ಬೆಲ್ಲ ಹಾಕದೆ ಪಾನಕ ಕುಡಿದರಂತೆ. ಹಾಗೆಂದು ರೈತನೇ ಹೇಳಿಕೊಳ್ಳುತ್ತಿದ್ದ. ಅಲ್ಲವೆನ್ನಲು ನಾನು ಯಾರು?

ಬೀಜ ಮಾತ್ರ ಅವನದಲ್ಲ. ಹೆಂಡತಿ ಮದುವೆಯಾಗಿ ಬರುವಾಗ ತವರಿನಿಂದ ಸೆರಗಿನ ತುದಿಗೆ ಗಂಟು ಹಾಕಿಕೊಂಡು ತಂದದ್ದು. ಪ್ರತಿ ವರ್ಷ ಎಲ್ಲಕ್ಕಿಂತ ಒಳ್ಳೆಯ ಹಣ್ಣಿನ ತೊಟ್ಟಿಗೆ ಅವಳು ಕೆಂಪು ಬಟ್ಟೆಯ ಚೂರು ಕಟ್ಟುತ್ತಿದ್ದಳು. ಅದು ಬೀಜಕ್ಕೆ ಬಿಟ್ಟ ಹಣ್ಣು. ಯಾರೂ ಮುಟ್ಟುವಂತಿಲ್ಲ.

ಒಂದು ವರ್ಷ ದೂರದ ನೆಂಟನೊಬ್ಬ ಬಂದ. ಅವನ ಮುಂದೆ ಸಣ್ಣ ಹಣ್ಣು ಇಡಲು ರೈತನಿಗೆ ಮನಸ್ಸಾಗಲಿಲ್ಲ. ಬಟ್ಟೆ ಬಿಚ್ಚಿ ಪಕ್ಕದ ಹಣ್ಣಿಗೆ ಕಟ್ಟಿದ, ದೊಡ್ಡದನ್ನು ಕೊಯ್ದ. ನೆಂಟ ಬೆರಳು ಚೀಪಿದ. ವಾರದಲ್ಲಿ ಇನ್ನೊಬ್ಬ ಬಂದ. ಬಟ್ಟೆ ಮತ್ತೆ ಜರುಗಿತು.

"ಅದು ಬೀಜದ್ದು ಕಣ್ರೀ," ಎಂದಳು ಹೆಂಡತಿ.

"ಬಟ್ಟೆ ಇನ್ನೂ ಇದೆಯಲ್ಲೇ? ತಾನು ಯಾವ ಹಣ್ಣಿನದೆಂದು ಬೀಜಕ್ಕೇನು ಗೊತ್ತು?"

ಹಂಗಾಮು ಮುಗಿಯುವಾಗ ಬಟ್ಟೆ ಬೇಲಿಮೂಲೆಯ ಗೋಲಿಯಂಥ ಕಾಯಿಯ ಮೇಲಿತ್ತು. ಅಲ್ಲಿ ಕಾಡುಮೆಕ್ಕೆಯ ಕಹಿ ಬಳ್ಳಿಯೂ ಹೆಣೆದುಕೊಂಡಿತ್ತು, ದುಂಬಿಗಳು ಎರಡರ ಹೂವಿಗೂ ಕೂರುತ್ತಿದ್ದವು. ಮರುವರ್ಷ ಬಿತ್ತಿದ್ದು ಆ ಕಾಯಿಯ ಬೀಜವನ್ನೇ. ವರ್ಷ ವರ್ಷವೂ ಹೀಗೇ ಆಯಿತು. ಹಣ್ಣು ಕುಗ್ಗುತ್ತ ಬಂತು. ರೈತನ ಮಾತು ಬೆಳೆಯುತ್ತ ಹೋಯಿತು. ಬಾವಿಯ ಎಂಟು ದಿನ ಒಂದು ತಿಂಗಳಾಯಿತು.

ಹನ್ನೆರಡನೆಯ ವರ್ಷ ಹೆಂಡತಿ ಹಾಸಿಗೆ ಹಿಡಿದಳು. ಅನ್ನ ಸೇರಲಿಲ್ಲ. "ನಮ್ಮಮ್ಮನ ಕರಬೂಜ ಒಂದು ಹೋಳು ಕೊಡಿ," ಎಂದಳು.

ರೈತ ಹಿತ್ತಲಿಗೆ ಓಡಿದ. ಬಟ್ಟೆ ಕಟ್ಟಿದ್ದನ್ನೂ ಬಿಡದೆ ಇದ್ದಬದ್ದ ಹಣ್ಣನ್ನೆಲ್ಲ ಕೊಯ್ದು ನಾಲಿಗೆಗೆ ಹಚ್ಚಿ ನೋಡಿದ. ಎಲ್ಲವೂ ಕಹಿ. ಕಹಿ ಕಡಿಮೆಯಿದ್ದ ಹೋಳಿಗೆ ಬೆಲ್ಲ ಸವರಿ ಅವಳ ಬಾಯಿಗಿಟ್ಟ.

ಅವಳು ಅಗಿದಳು. ಉಗುಳಲಿಲ್ಲ.

"ಬೆಲ್ಲ ಚೆನ್ನಾಗಿದೆ," ಎಂದಳು.

ಗುರು ಕತೆ ನಿಲ್ಲಿಸಿದರು. ಬಾಗಿಲಾಚೆ ಶಿಷ್ಯನ ಉಪದೇಶಕ್ಕಾಗಿ ಐದಾರು ಮಂದಿ ಕಾದು ಕೂತಿದ್ದರು. ಅವನು ಅತ್ತ ನೋಡಿದ.

"ನಿನ್ನ ಬಟ್ಟೆ ಈಗ ಯಾವ ಕಾಯಿಯ ಮೇಲಿದೆಯಪ್ಪಾ?" ಎಂದರು ಗುರು.