ಬೆನ್ನ ಹಿಂದಿನ ಕೈ

ಈ ಕತೆಯನ್ನು ನನಗೆ ಮೊದಲು ಹೇಳಿದವರು ಸಾವಂತ್ರಕ್ಕ. ನಾಡಕಚೇರಿಯ ಸಾಲಿನಲ್ಲಿ ನನ್ನ ಮುಂದೆ ನಿಂತಿದ್ದರು. ಸಾಲು ಉದ್ದವಿತ್ತು, ಕತೆ ಚಿಕ್ಕದು. ಹಾಗಾಗಿ ಎರಡು ಸಲ ಹೇಳಿದರು.

ಒಬ್ಬ ಶಿಷ್ಯ ಗುರುವನ್ನು ಕೇಳಿದ: "ಗುರುಗಳೇ, ನನ್ನ ತಾಯಿ ಹಾಸಿಗೆ ಹಿಡಿದು ನಾಲ್ಕು ವರ್ಷವಾಯಿತು. ಇಂಥವರನ್ನು ಮನೆಯಲ್ಲಿ ನೋಡಿಕೊಳ್ಳುವವರಿಗೆ ಸರ್ಕಾರ ಭತ್ಯೆ ಕೊಡುತ್ತದಂತೆ. ಅರ್ಜಿ ಹಾಕೋಣ ಎನ್ನುತ್ತಾಳೆ ಹೆಂಡತಿ. ನಾನು ಬೇಡ ಎಂದೆ. ಹೆತ್ತವಳ ಸೇವೆಗೆ ದುಡ್ಡು ತೆಗೆದುಕೊಂಡರೆ ಅದು ಸೇವೆಯಾಗಿ ಉಳಿಯುತ್ತದೆಯೇ?"

ಗುರು ಹೇಳಿದರು:

ಬುಟ್ಟಿ ಹೆಣೆಯುವವಳೊಬ್ಬಳಿದ್ದಳು. ಗಂಡ ತೀರಿಕೊಂಡಿದ್ದ. ಅತ್ತೆಗೆ ಲಕ್ವ ಹೊಡೆದು ಒಂದು ಮಗ್ಗುಲು ಸ್ವಾಧೀನ ತಪ್ಪಿತ್ತು. ಅತ್ತೆಯನ್ನು ಬಿಟ್ಟು ಬಿದಿರು ತರಲು ಹೋಗುವಂತಿರಲಿಲ್ಲ. ಹೆಣಿಗೆ ನಿಂತಿತು, ಒಂದು ಹೊತ್ತು ಒಲೆ ಉರಿದರೆ ಇನ್ನೊಂದು ಹೊತ್ತು ಇಲ್ಲ. ಕೊನೆಗೆ ಭತ್ಯೆಗೆ ಅರ್ಜಿ ಹಾಕಿದಳು. ಮನೆ ನೋಡಿಕೊಂಡು ಹೋಗಲು ಅಧಿಕಾರಿಯೊಬ್ಬ ಬರುತ್ತಾನೆಂದು ತಿಳಿಯಿತು.

ದೊಡ್ಡವರು ಮನೆಗೆ ಬರುತ್ತಾರೆಂದರೆ ನಮ್ಮ ಹೆಂಗಸರು ಏನು ಮಾಡುತ್ತಾರೋ ಅವಳೂ ಅದನ್ನೇ ಮಾಡಿದಳು. ನೆಲ ಸಾರಿಸಿದಳು. ಮಲದ ಪಾತ್ರೆ, ಹಳೆ ಬಟ್ಟೆಗಳನ್ನೆಲ್ಲ ಹಿತ್ತಿಲಲ್ಲಿ ಬಚ್ಚಿಟ್ಟಳು. ಊದುಬತ್ತಿ ಹಚ್ಚಿದಳು. ಅತ್ತೆಗೆ ತಲೆ ಬಾಚಿ, ಒಳ್ಳೆಯ ಸೀರೆ ಉಡಿಸಿ, ಚಾಪೆಯ ಮೇಲೆ ಕೂರಿಸಿ, ಪಕ್ಕದಲ್ಲಿ ತಾನೂ ಕೂತಳು.

"ನನ್ನನ್ನ ಹೆಣ್ಣು ನೋಡೋಕೆ ಬರ್ತಿದಾರೇನೇ?" ಎಂದಳು ಅತ್ತೆ.

ಅಧಿಕಾರಿ ಬಂದ. ಅಜ್ಜಿ ನೆಟ್ಟಗೆ ಕೂತಿದ್ದಾಳೆ, ಮನೆ ಘಮ್ಮೆನ್ನುತ್ತಿದೆ. "ಇಲ್ಲಿ ಆರೈಕೆ ಬೇಕಾದವರು ಯಾರೂ ಕಾಣಿಸ್ತಿಲ್ಲವಲ್ಲಮ್ಮ" ಎಂದು ಅರ್ಜಿಯ ಮೇಲೆ ಗೀಟೆಳೆಯಲು ಪೆನ್ನು ತೆಗೆದ. ಬಿಸಿಲಲ್ಲಿ ಬಂದಿದ್ದ, ಗೀಟೆಳೆಯುವ ಮೊದಲು ಕುಡಿಯಲು ನೀರು ಕೇಳಿದ.

ಸೊಸೆ ಏಳಲಿಲ್ಲ. ಬಂದವರಿಗೆ ನೀರು ಕೊಡದ ಮನೆಯನ್ನು ಅವನು ಕಂಡಿರಲಿಲ್ಲ. ಮುಖ ಗಂಟಿಕ್ಕಿದ.

"ಹೋಗೇ, ನೀರು ತಂದ್ಕೊಡು" ಎಂದಳು ಅತ್ತೆ.

"ಹೋದ್ರೆ ನೀವು ಬೀಳ್ತೀರಲ್ಲ, ಅತ್ತೆ."

"ಬೀಳ್ತೀನಿ. ಕೆಳಗೆ ಚಾಪೆ ಇದೆಯಲ್ಲ, ಹೋಗು."

ಅಧಿಕಾರಿ ಬಗ್ಗಿ ನೋಡಿದ. ಅಜ್ಜಿಯ ಬೆನ್ನ ಹಿಂದೆ ಸೊಸೆಯ ಕೈ ಇತ್ತು. ಅವನು ಬರುವ ಮೊದಲಿನಿಂದಲೂ ಇತ್ತು.

ಅವನೇ ಒಳಗೆ ಹೋಗಿ ನೀರು ಕುಡಿದ. ಅವರಿಬ್ಬರಿಗೂ ಒಂದೊಂದು ಲೋಟ ತಂದಿಟ್ಟ. ಆಮೇಲೆ ಅರ್ಜಿಗೆ ಸಹಿ ಹಾಕಿದ.

ಕತೆ ಮುಗಿಯಿತು. ಶಿಷ್ಯನಿಗೆ ಸಮಾಧಾನವಾಗಲಿಲ್ಲ. "ಆದರೂ ಗುರುಗಳೇ, ದುಡ್ಡು ಬಂದ ಮೇಲೆ ಆ ಕೈ ಸೇವೆಯದೋ, ಕೂಲಿಯದೋ?"

"ಬೆಳಗಿನಿಂದ ನೀನು ಇಲ್ಲಿ ಕೂತಿದ್ದೀಯಲ್ಲ, ಈಗ ನಿನ್ನ ತಾಯಿಯ ಬೆನ್ನ ಹಿಂದಿರುವುದು ಯಾರ ಕೈ?" ಎಂದರು ಗುರು.



ಸಾವಂತ್ರಕ್ಕ ನನಗೆ ಹೇಳಿದಂತೆ ನೀವೂ ಇದನ್ನು ಒಬ್ಬರಿಗೆ ಹೇಳಿ. ಸಾಲಿನಲ್ಲಿ ನಿಲ್ಲಲೂ ಬಿಡುವಿಲ್ಲದವರು ಪಕ್ಕದ ಮನೆಯಲ್ಲೇ ಇರುತ್ತಾರೆ. ಹೋಗುವಾಗ ಒಂದು ಅರ್ಜಿ ಹಿಡಿದೇ ಹೋಗಿ. ಅವರು ನೀರು ಕೊಡಲು ಏಳದಿದ್ದರೆ ಬೇಸರ ಮಾಡಿಕೊಳ್ಳಬೇಡಿ.