ಬಾವಿಯ ಮೇಲಿನ ನೀರು

ಹುಣಸೆಬೀದಿಯ ಹನ್ನೊಂದು ಮನೆಯವರು ಕೂಡಿ, ತಾರಸಿಗಳ ಮಳೆನೀರನ್ನೆಲ್ಲ ಒಂದೇ ಪೈಪಿನಲ್ಲಿ ತಂದು ಬತ್ತಿದ ಬಾವಿಗೆ ಬಿಟ್ಟರು. ಬಾವಿ ಅರ್ಧ ತುಂಬಿತು. ಪಂಚಾಯ್ತಿ ಅಧ್ಯಕ್ಷ ಚೌಡರೆಡ್ಡಿಗೆ ಹೊಟ್ಟೆಯುರಿ ತಡೆಯಲಾಗಲಿಲ್ಲ. ಊರಿಗೆ ನೀರು ಬಿಡುವ ನೀರುಗಂಟಿಯನ್ನು ಕರೆಸಿದ.

“ನನ್ನನ್ನ ಕೇಳದೆ ತುಂಬಿದ ಬಾವಿ! ಮುಚ್ಚಿಸು. ಇಲ್ಲದಿದ್ರೆ ನಿನಗೆ ಕೆಲಸ ಇಲ್ಲ.”

“ಮುಚ್ಚಿದ್ರೂ ಹೆಸರು ಅವರದ್ದೇ ಉಳಿಯುತ್ತೆ ಸ್ವಾಮಿ. ನಿಮ್ಮ ಅಕ್ಕಿ ಮಿಲ್ಲಿನ ಸೂರು ಆ ಹನ್ನೊಂದು ಮನೆಗಿಂತ ದೊಡ್ಡದು. ಅದರ ನೀರನ್ನೂ ಅಲ್ಲಿಗೇ ಬಿಡಿ. ಆಗ ಅವರಿಗಿಂತ ನಿಮ್ಮ ನೀರೇ ಜಾಸ್ತಿ.”

ರೆಡ್ಡಿ ಅಂದೇ ಪೈಪು ಹಾಕಿಸಿದ. ಮುಂದಿನ ಮಳೆಗೆ ಬಾವಿ ತುಂಬಿಹೋಯಿತು. ರೆಡ್ಡಿ ನೀರುಗಂಟಿಯ ಜೊತೆ ಬಂದು ಬಗ್ಗಿ ನೋಡಿದ.

“ಇದರಲ್ಲಿ ನನ್ನದು ಯಾವುದೋ?”

“ಆಮೇಲೆ ಬಿದ್ದದ್ದಲ್ವಾ, ಮೇಲಿನದೆಲ್ಲ ನಿಮ್ಮದೇ. ಅವರು ಮೊದಲು ಸೇದೋದೂ ಅದನ್ನೇ.”

ಮರುದಿನ ಬೆಳಗ್ಗೆ ಬಾವಿಕಟ್ಟೆಯ ಸಾಲಿನಲ್ಲಿ ಎಲ್ಲರಿಗಿಂತ ಮುಂದೆ, ಕೊಡ ಹಿಡಿದು, ಅಧ್ಯಕ್ಷರೇ ನಿಂತಿದ್ದರು.